ಒತ್ತಕ್ಷರದ ಕತ್ತು ಹಿಸುಕುವ ಪುಟಗಳು

ಕನ್ನಡದ ತರುಣರೇ, ನೀವು ಓದುವ ಪತ್ರಿಕೆಯಲ್ಲಿ ಸಂಗೀತದ ವಿಶೇಷ ಪುಟ ಬಂದರೆ ಒಮ್ಮೆ ಕಣ್ಣಿಟ್ಟು ನೋಡಿ. ಎರಡು ಪುಟಕ್ಕೂ ಹರಡಿದ ಗಾಯಕನ ಫೋಟೋ, ಕಪ್ಪಿನ ಮೇಲೆ ಬಿಳಿ ಅಕ್ಷರ, ತಲೆಬರಹಕ್ಕೆ ಇಂಗ್ಲಿಷ್! ಇದು 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ರೋಲಿಂಗ್ ಸ್ಟೋನ್'ನಂಥ ಪತ್ರಿಕೆಗಳು ತಮ್ಮ ಲಿಪಿಗೆ ಹೊಲಿಸಿಕೊಂಡ ಅಂಗಿ. ಅವರ ಅಕ್ಷರಕ್ಕೆ ಒತ್ತಿಲ್ಲ, ಕೊಂಬಿಲ್ಲ. ನಮ್ಮದಕ್ಕೆ ಇದೆ. ಇಷ್ಟೂ ತಿಳಿಯದವರು ಕನ್ನಡದ ಪುಟ ಕಟ್ಟುವುದೇ?

ನಾನು ಸುರಪುರದಲ್ಲಿ ಪ್ರೆಸ್ ಇಟ್ಟವನು, ಓದಿದ್ದು ಪಿಯುಸಿ. ಆದರೂ ಕೇಳುತ್ತೇನೆ: ಲೇಖನದ ಮೊದಲ ಅಕ್ಷರವನ್ನು ಮೂರು ಸಾಲಿನೆತ್ತರ ನಿಲ್ಲಿಸುತ್ತೀರಲ್ಲ, 'ಸ್ವರ' ಎಂದು ಶುರುವಾದರೆ ಏನಾಗುತ್ತದೆ? ನುಡಿಯಂಥ ಹಳೆಯ ಫಾಂಟಿನಲ್ಲಿ ಒತ್ತು ಬೇರೆಯೇ ತುಂಡು. ದೊಡ್ಡ 'ಸ' ಒಂದೇ ನಿಲ್ಲುತ್ತದೆ, ವ-ಒತ್ತು ಪಕ್ಕದ ಸಾಲಿನಲ್ಲಿ ಅನಾಥವಾಗಿ ನೇತಾಡುತ್ತದೆ. ಎರಡು ತುಂಡನ್ನೂ ದೊಡ್ಡದು ಮಾಡಿದಿರೋ, ಒತ್ತು ಕೆಳಗಿಳಿದು ನಾಲ್ಕನೆಯ ಸಾಲಿಗೆ ಗುದ್ದುತ್ತದೆ. ಅಲ್ಲಿ ಜಾಗ ಬಿಡಬೇಕು. ಬಿಡುವವರು ಯಾರು? ಇಂಗ್ಲಿಷ್ ತಲೆಬರಹದಂತೆ ಅಕ್ಷರಗಳ ನಡುವೆ ಅಂತರ ಹಿಗ್ಗಿಸಿದರೆ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ. ಸಾಲುಗಳನ್ನು ಇಂಗ್ಲಿಷಿನಷ್ಟೇ ಒತ್ತಾಗಿ ಕೂಡಿಸಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ. ಇನ್ನು ಕಪ್ಪಿನ ಮೇಲೆ ಬಿಳಿ! ನಾಲ್ಕು ಬಣ್ಣ ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತಿನೊಳಗೆ ಮಸಿ ತುಂಬಿ ಅಕ್ಷರವೇ ಮುಚ್ಚಿಹೋಗುತ್ತದೆ. ತಪ್ಪು ಮಷಿನ್ನಿನವನ ತಲೆಗೆ.

ಫೋಟೋದ ಕತೆಯೂ ಅಷ್ಟೇ. ಪಿನ್ ಹೊಡೆದ ಪುಸ್ತಕದಲ್ಲಿ ನಟ್ಟನಡುವಿನ ಹಾಳೆ ಮಾತ್ರ ಅಖಂಡ. ಬೇರೆ ಕಡೆ ಮುಖವನ್ನು ಮಡಿಕೆಗೆ ತಂದಿಟ್ಟರೆ ಗಾಯಕನ ಮೂಗು ಎರಡು ಹೋಳು.

ಆದರೆ ನನ್ನ ನಿಜವಾದ ಸಿಟ್ಟು ಬೇರೆ. ಆ ಎರಡು ಪುಟ ಯಾರಿಗೆ? ಮುಂಬೈಯ ಸಿನಿಮಾ ಹಾಡುಗಾರರಿಗೆ. ವಚನ ಹಾಡಿದ ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರಿಗೆ ಅಂಚೆಚೀಟಿಯಷ್ಟು ಚಿತ್ರ. ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಇಡೀ ರಾತ್ರಿ ಹಾಡುವವರಿಗೆ ಅದೂ ಇಲ್ಲ. ಗದಗ ಸೀಮೆಯ ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಅಂಥ ದೊಡ್ಡ ಪಟ್ಟ ಬಂದ ಮೇಲೆಯೇ ನಮ್ಮವರಿಗೆ ದೊಡ್ಡ ಪುಟವೇ?

ಪತ್ರಿಕೆಗೆ ದುಡ್ಡು ಕೊಡುವವರು ನೀವು. ಸಂಪಾದಕರಿಗೆ ಒಂದು ಕಾರ್ಡು ಗೀಚಿ. ತಲೆಬರಹ ಕನ್ನಡದಲ್ಲಿರಲಿ, ಸಾಲಿನ ನಡುವೆ ಒತ್ತಿಗೆ ಉಸಿರಾಡಲು ಜಾಗವಿರಲಿ, ನಡುವಿನ ಹಾಳೆ ಒಮ್ಮೆಯಾದರೂ ತತ್ವಪದದವರಿಗೆ ಸಿಗಲಿ ಎಂದು ಕೇಳಿ. ಉತ್ತರ ಬರದಿದ್ದರೆ ಮುಂದಿನ ತಿಂಗಳು ಮತ್ತೊಂದು ಕಾರ್ಡು.