ಪರದೆ ಹಳದಿಯಾದರೆ ಮೊದಲು ಪರೀಕ್ಷೆ, ಆಮೇಲೆ ಬೈಗುಳ

ಮಕ್ಕಳೇ, ಹೊಸ ಟ್ಯಾಬಿನ ಪರದೆಯ ಬಣ್ಣ ಕೆಟ್ಟಿದೆ ಅಂತ ಮನೆಯಲ್ಲಿ ಹೇಳಿ ನೋಡಿ. ಮೊದಲು ಬರುವ ಪ್ರಶ್ನೆ: ‘ಏನ್ ಮಾಡಿದಿ ಇದಕ್ಕ?’ ಅಂಗಡಿಗೆ ಹೋದರೆ ಅಲ್ಲಿಯ ಉತ್ತರವೂ ಸಿದ್ಧವಾಗಿರುತ್ತದೆ: ‘ನಾಕ್ ದಿನ ವಾಪರಸ್ರಿ, ಒಳಗಿನ ಗೋಂದ ಒಣಗಿದ ಮ್ಯಾಲೆ ತಾನ ಸರಿ ಆಗ್ತದ.’ ಮನೆಯವರದು ಆರೋಪ, ಅಂಗಡಿಯವರದು ಸಮಾಧಾನ. ಯಾರೂ ಪರೀಕ್ಷೆ ಮಾಡಿರುವುದಿಲ್ಲ. ವಿಜ್ಞಾನ ಓದುವ ನೀವು ಇವೆರಡನ್ನೂ ಸುಮ್ಮನೆ ಒಪ್ಪಬಾರದು ಎಂಬುದೇ ನನ್ನ ವಾದ.

ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಶಾಲೆಯ ಒಂಬತ್ತನೆಯ ವರ್ಗದ ಒಬ್ಬ ಹುಡುಗಿಗೆ ಅವರಪ್ಪ ಕಬ್ಬಿನ ಬಿಲ್ಲು ಬಂದಾಗ ಟ್ಯಾಬ್ ಕೊಡಿಸಿದರು. ನಾಲ್ಕನೇ ದಿನ ಕೆಳಗಿನ ಬಲಮೂಲೆಯಲ್ಲಿ ಅರಿಷಿಣ ಸವರಿದಂತೆ ಕಲೆ ಕಾಣಿಸಿತು. ನೀರು ಚೆಲ್ಲಿರಬೇಕು ಅಂತ ಬೈದು, ಟ್ಯಾಬನ್ನು ಟ್ರಂಕಿನಲ್ಲಿ ಇಟ್ಟುಬಿಟ್ಟರು. ಮೂರು ವಾರ ಕಳೆದ ಮೇಲೆ ಆಕೆ ನನ್ನ ಹತ್ತಿರ ಬಂದು ‘ಸರ್, ನಾ ಏನೂ ಮಾಡಿಲ್ರಿ’ ಅಂದಳು. ಪ್ರಯೋಗಾಲಯದ ಮೇಜಿನ ಮೇಲೆ ಹತ್ತು ನಿಮಿಷ ಪರೀಕ್ಷೆ ಮಾಡಿದೆವು. ಅಷ್ಟರಲ್ಲಿ ಅಂಗಡಿಯವರು ಬದಲಿಸಿಕೊಡುವ ಅವಧಿ ಮುಗಿದಿತ್ತು. ವಾರಂಟಿಯಲ್ಲಿ ಪರದೆ ಬದಲಾಗಿ ಬರುವ ಹೊತ್ತಿಗೆ ಪರೀಕ್ಷೆಯೇ ಮುಗಿದುಹೋಯಿತು.

ಆ ಹತ್ತು ನಿಮಿಷದ ಕೆಲಸ ನಿಮಗೂ ಬರಬೇಕು. ಅದಕ್ಕೆ ಮೊದಲು ಪರದೆಯ ಬಿಳಿ ಬಣ್ಣ ಎಲ್ಲಿಂದ ಬರುತ್ತದೆ ನೋಡೋಣ. ಕಡಿಮೆ ಬೆಲೆಯ ಟ್ಯಾಬ್‌ಗಳಲ್ಲಿ ಹೆಚ್ಚಾಗಿ ಇರುವುದು ಎಲ್‌ಸಿಡಿ ಪರದೆ. ಅದರ ಅಂಚಿನಲ್ಲಿ ಸಣ್ಣ ಎಲ್‌ಇಡಿಗಳ ಸಾಲು ಇರುತ್ತದೆ. ಈ ಎಲ್‌ಇಡಿ ನಿಜವಾಗಿ ಸೂಸುವುದು ನೀಲಿ ಬೆಳಕನ್ನು. ಮೇಲೆ ಲೇಪಿಸಿದ ಪುಡಿ ಆ ನೀಲಿಯಲ್ಲಿ ಒಂದಿಷ್ಟನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ. ಉಳಿದ ನೀಲಿ, ಹೊಸ ಹಳದಿ ಎರಡೂ ಸೇರಿ ಕಣ್ಣಿಗೆ ಬಿಳಿ. (ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ.) ಈ ಬೆಳಕು ಕೆಲವು ತೆಳು ಹಾಳೆಗಳ ಮೂಲಕ ಇಡೀ ಪರದೆಗೆ ಹರಡುತ್ತದೆ, ಆಮೇಲೆ ದ್ರವಸ್ಫಟಿಕದ ಪದರವನ್ನೂ ಕೆಂಪು, ಹಸಿರು, ನೀಲಿ ಸೋಸುಗಳನ್ನೂ ದಾಟಿ ಹೊರಬರುತ್ತದೆ. ದಾರಿಯಲ್ಲಿ ಎಲ್ಲೇ ನೀಲಿ ಕಡಿಮೆಯಾದರೂ ಪರದೆ ಹಳದಿ ಕಾಣುತ್ತದೆ. ಹಾಗಾಗಿ ‘ಹಳದಿಯಾಗಿದೆ’ ಅನ್ನುವುದು ಒಂದು ಲಕ್ಷಣ ಅಷ್ಟೆ, ಕಾರಣ ಬೇರೆಯೇ ಹುಡುಕಬೇಕು.

ಇಡೀ ಪರದೆ ಒಂದೇ ಸಮನೆ ಹಳದಿಯಾಗಿದ್ದರೆ ಮೊದಲು ಸೆಟ್ಟಿಂಗ್‌ನಲ್ಲಿ ಡಿಸ್‌ಪ್ಲೇ ತೆರೆಯಿರಿ. ನೈಟ್ ಲೈಟ್, ಐ ಕಂಫರ್ಟ್, ರೀಡಿಂಗ್ ಮೋಡ್ ಹೀಗೆ ಕಂಪನಿಗೊಂದು ಹೆಸರಿನಲ್ಲಿ ನೀಲಿಯನ್ನು ತಗ್ಗಿಸುವ ಗುಂಡಿ ಅಲ್ಲಿರುತ್ತದೆ. ಕೆಲವು ಟ್ಯಾಬ್‌ಗಳಲ್ಲಿ ಇದು ಹೊತ್ತು ಮುಳುಗಿದಾಗ ತಾನೇ ಹೊತ್ತಿಕೊಂಡು ಬೆಳಿಗ್ಗೆ ಆರುತ್ತದೆ. ‘ರಾತ್ರಿ ಆದ್ರ ಹಳದಿ ಆಗ್ತದ್ರಿ ಸರ್’ ಅನ್ನುವವರ ಟ್ಯಾಬಿಗೆ ಇಷ್ಟೇ ಔಷಧ.

ಕಲೆ ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಟ್ಯಾಬನ್ನು ಅಡ್ಡ ತಿರುಗಿಸಿ. ಚಿತ್ರವೂ ತಿರುಗುತ್ತದೆ. ಕಲೆ ಚಿತ್ರದ ಜೊತೆಗೇ ಹೋದರೆ ಅದು ಆ ಚಿತ್ರದಲ್ಲೋ ಆ್ಯಪಿನಲ್ಲೋ ಇದೆ. ಕಲೆ ಟ್ಯಾಬಿನ ಅದೇ ಮೂಲೆಗೆ ಅಂಟಿಕೊಂಡು ನಿಂತರೆ ಅದು ಪರದೆಯದು. ಇನ್ನೂ ಗಟ್ಟಿ ಸಾಕ್ಷಿ ಬೇಕೆ? ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೆ ಕಳಿಸಿ ನೋಡಿ. ಸ್ಕ್ರೀನ್‌ಶಾಟ್ ಅಂದರೆ ಬರೀ ಅಂಕಿಗಳು, ಅದರಲ್ಲಿ ಗಾಜಿಲ್ಲ, ಬೆಳಕಿಲ್ಲ. ಅಲ್ಲಿ ಕಲೆ ಕಾಣದಿದ್ದರೆ ನಿಮ್ಮ ಅನುಮಾನ ಪರದೆಯ ಮೇಲೆ ಸರಿಯಾಗಿಯೇ ಬಿದ್ದಿದೆ. ಹಳದಿಯ ಬದಲು ಎಣ್ಣೆ ತೇಲಿದಂಥ ಬಣ್ಣಗಳು ಕಂಡು, ನೀವು ತಲೆ ಸರಿಸಿದಂತೆ ಅವೂ ಸರಿದರೆ ಹೆದರಬೇಡಿ. ಮೇಲೆ ಅಂಟಿಸಿದ ಟೆಂಪರ್ಡ್ ಗ್ಲಾಸಿನ ಕೆಳಗೆ ಗಾಳಿಯ ತೆಳು ಪದರ ಉಳಿದಿದೆ.

ಇಲ್ಲಿ ಕಣ್ಣನ್ನು ಪೂರ್ತಿ ನಂಬಬೇಡಿ. ನಮ್ಮ ಕಣ್ಣು ಸುತ್ತಲಿನ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ. ಹಳದಿ ಬಲ್ಬಿನ ಕೆಳಗೂ ನೋಟ್‌ಬುಕ್ಕಿನ ಹಾಳೆ ಬಿಳಿಯೇ ಕಾಣುವುದು ಅದಕ್ಕೇ. ಅಣ್ಣನ ಹಳೇ ಫೋನಿನ ಪಕ್ಕ ಇಟ್ಟು ‘ನನ್ನದು ಹಳದಿ’ ಅನ್ನುವಾಗ ಅಣ್ಣನದೇ ನೀಲಿ ಹೆಚ್ಚಾಗಿರಬಹುದು. ಕ್ಯಾಮೆರಾವೂ ಹಾಗೇ, ತಾನೇ ಬಣ್ಣ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಎರಡು ಪರದೆಗಳಲ್ಲೂ ಖಾಲಿ ಬಿಳಿ ಪುಟ ತೆರೆದು, ಬೆಳಕನ್ನು ಸಮ ಮಾಡಿ, ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಬೇರೆ ಬೇರೆ ಫೋಟೋ ತೆಗೆದರೆ ಅದು ಸಾಕ್ಷಿಯಾಗುವುದಿಲ್ಲ.

ಈಗ ಗೋಂದಿನ ಮಾತು. ಪರದೆಯ ಪದರಗಳನ್ನು ಅಂಟಿನಿಂದ ಕೂಡಿಸುವುದು ನಿಜ. 2010ರಲ್ಲಿ ಹೆಸರಾಂತ ಫೋನೊಂದರ ಹಳದಿ ಕಲೆಗಳ ಬಗ್ಗೆ ಇದೇ ಮಾತು ಜಗತ್ತಿನ ತುಂಬ ಹರಡಿತ್ತು. ಕಾಯಲೇಬೇಕು ಅನ್ನಿಸಿದರೆ ಕಾಯಿರಿ, ಆದರೆ ಪ್ರಯೋಗದಂತೆ ಕಾಯಿರಿ: ಮೊದಲ ದಿನದ ಫೋಟೋ, ಮೂರನೇ ದಿನದ ಫೋಟೋ, ತಾರೀಖು ಬರೆದಿಟ್ಟುಕೊಳ್ಳಿ. ಕಲೆ ಅಷ್ಟೇ ಇದ್ದರೆ ಬದಲಿಸುವ ಅವಧಿ ಮುಗಿಯುವ ಮುಂಚೆ ಅಂಗಡಿಗೆ ನಡೆಯಿರಿ. ಕೊನೆಯ ದಿನಾಂಕವಿಲ್ಲದ ಕಾಯುವಿಕೆಯಿಂದ ಲಾಭ ಮಾರಿದವರಿಗೆ ಮಾತ್ರ.

ಬೇಗ ಒಣಗಲಿ ಅಂತ ಬಿಸಿಲಿಗೆ ಮಾತ್ರ ಇಡಬೇಡಿ. ನಮ್ಮ ಸೊಲ್ಲಾಪುರದ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ! 1888ರಲ್ಲಿ ಪ್ರಾಗ್‌ನಲ್ಲಿ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಗಜ್ಜರಿಯಿಂದ ಪಡೆದ ಕೊಲೆಸ್ಟೆರಾಲಿನ ಒಂದು ಸಂಯುಕ್ತವನ್ನು ಕಾಯಿಸಿದ. ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಯಿತು, 178.5ರಲ್ಲಿ ಒಮ್ಮೆಲೇ ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು ತೋರಿಸಿ ಈ ವಿಷಯಕ್ಕೆ ಹೊಸ ಕವಲನ್ನೇ ಕೊಟ್ಟರು. ಟ್ಯಾಬಿನಲ್ಲಿರುವ ಪದಾರ್ಥ ಬೇರೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಹೆಚ್ಚು ಕಾದರೆ ಅಣುಗಳ ಶಿಸ್ತು ಕೆಟ್ಟು ಪರದೆ ಕಪ್ಪಾಗಬಹುದು. ತಣ್ಣಗಾದರೆ ಅದು ಮರಳಬಹುದು, ಆದರೆ ಬ್ಯಾಟರಿಗೆ ಆದ ಹಾನಿ ಮರಳುವುದಿಲ್ಲ. ಕಲೆಯನ್ನು ಬೆರಳಿನಿಂದ ಒತ್ತಿ ತಿಕ್ಕುವುದೂ ಬೇಡ. ಒಳಗಿನ ಹಾಳೆಗಳಿಗೆ ಪೆಟ್ಟಾಗಿ ಬಿಳಿ ಮಚ್ಚೆ ಬಿದ್ದರೆ ಆಗ ತಪ್ಪು ನಿಜಕ್ಕೂ ನಿಮ್ಮದಾಗುತ್ತದೆ.

ಸರ್ವೀಸ್ ಸೆಂಟರಿನವರು ‘ನೀರು ಹೋಗ್ಯಾದ’ ಅಂದರೆ ಜಗಳ ಬೇಡ, ‘ತೋರಿಸಿ’ ಅನ್ನಿ. ಅನೇಕ ಸಾಧನಗಳ ಒಳಗೆ ನೀರು ತಾಗಿದರೆ ಕೆಂಪಾಗುವ ಪುಟ್ಟ ಬಿಳಿ ಚೀಟಿ ಅಂಟಿಸಿರುತ್ತಾರೆ, ನಮ್ಮ ಲಿಟ್ಮಸ್ಸಿನ ತಮ್ಮ ಅನ್ನಿ. ಅದು ಬಿಳಿಯೇ ಇದ್ದರೆ ನಿಮ್ಮ ಮಾತಿಗೆ ಬಲ ಬಂತು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಅಕ್ಕಲಕೋಟೆಯವರು ಕಲಬುರಗಿಯಲ್ಲಿ, ಜತ್ತದವರು ವಿಜಯಪುರದಲ್ಲಿ ಸಾಮಾನು ಕೊಳ್ಳುವುದು ರೂಢಿ. ‘ಅದು ಬ್ಯಾರೆ ರಾಜ್ಯ, ತಕರಾರು ಎಲ್ಲಿ ಹಾಕೋದು’ ಅಂತ ದೊಡ್ಡವರು ಕೈಬಿಡುತ್ತಾರೆ. ಬಿಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಂಡವರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ಎರಡು ವರ್ಷದ ಕಾಲಾವಕಾಶವಿದೆ. ಅಷ್ಟು ದೂರ ಹೋಗುವ ಮುಂಚೆ 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬಿಲ್ಲು, ಫೋಟೋ, ತಾರೀಖು ಮೂರೂ ಕೈಯಲ್ಲಿರಲಿ.

ಶಾಲೆಯಿಂದ ಕೊಟ್ಟ ಟ್ಯಾಬ್ ಆದರೆ ಈ ಓಡಾಟ ನಿಮ್ಮ ಕೆಲಸವಲ್ಲ, ನಮ್ಮದು. ಅದಕ್ಕೇ ನನ್ನ ಸಹಶಿಕ್ಷಕರಿಗೂ ಒಂದು ಮಾತು: ಟ್ಯಾಬ್ ಹಂಚುವ ದಿನವೇ ಮಗುವಿನ ಎದುರಿಗೆ ಬಿಳಿ ಪುಟ ತೆರೆದು ನೋಡಿ, ಪರದೆ ಹೇಗಿದೆ ಎಂದು ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಒಂದು ಸಾಲು ಬರೆದು, ಮಗುವಿನ ಸಹಿ ತೆಗೆದುಕೊಳ್ಳಿ. ಮಕ್ಕಳೇ, ಅವರು ಮರೆತರೆ ನೀವೇ ಕೇಳಿ.