ಲೆಕ್ಕಕ್ಕೆ ಸಿಗದ ಗರ್ಭಪಾತಗಳು

ಬತ್ತಲಗುಂಡಿನಲ್ಲಿ ವರ್ಷಕ್ಕೆ ಎಷ್ಟು ಗರ್ಭಪಾತಗಳಾಗುತ್ತವೆ? ಆಸ್ಪತ್ರೆಯ ದಾಖಲೆ ಪುಸ್ತಕ ಒಂದು ಸಂಖ್ಯೆ ಹೇಳೀತು. ಅದನ್ನೇ ನಂಬಿ ಕೂರುವುದು ಸರಿಯಲ್ಲ. ದಿಂಡಿಗಲ್, ತೇನಿ, ಕಂಬಂ ಕಡೆ ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಹೊರಗೆ ಬೇರೆ ಭಾಷೆ ಆಡುವ ಕುಟುಂಬಗಳಿವೆ. ಹೇಳಬಾರದ ಸಂಕಟವನ್ನು ಪರಭಾಷೆಯಲ್ಲಿ ಹೇಳುವುದು ಹೆಂಗಸಿಗೆ ಎಷ್ಟು ಕಷ್ಟವೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

1971ರ ಕಾನೂನು ಗರ್ಭಪಾತಕ್ಕೆ ಅವಕಾಶ ಕೊಟ್ಟಿತು, ಆದರೆ ಷರತ್ತಿನ ಮೇಲೆ. ವೈದ್ಯರ ಅಭಿಪ್ರಾಯ ಬೇಕು, ಅಂಗೀಕೃತ ಸ್ಥಳ ಬೇಕು, 20 ವಾರ ಮೀರಬಾರದು. 2021ರ ತಿದ್ದುಪಡಿಯಿಂದ ಕೆಲವು ವರ್ಗದವರಿಗೆ 24 ವಾರ. ಈ ಗೆರೆ ದಾಟಿದರೆ ಸಾಮಾನ್ಯವಾಗಿ ಅಪರಾಧ. ಅಪರಾಧವನ್ನು ಯಾರು ತಾವಾಗಿ ಬರೆಸಿಯಾರು? ಮನೆಮನೆಗೆ ಹೋಗಿ ಕೇಳಿದರೂ, ಅತ್ತೆ ಪಕ್ಕದಲ್ಲಿರುವಾಗ "ತಾನಾಗಿ ಹೋಯಿತು" ಎಂದೇ ಉತ್ತರ ಬರುತ್ತದೆ.

ಆದುದರಿಂದ ಅಂದಾಜು ಅನಿವಾರ್ಯ. 1966ರಲ್ಲಿ ವರದಿಯಿತ್ತ ಶಾಂತಿಲಾಲ್ ಶಾ ಸಮಿತಿ 73 ಹೆರಿಗೆಗೆ 25 ಗರ್ಭಪಾತ, ಅದರಲ್ಲಿ 15 ಮಾಡಿಸಿಕೊಂಡದ್ದು ಎಂದು ಹಿಡಿದು, ವರ್ಷಕ್ಕೆ 39 ಲಕ್ಷವೆಂದಿತು. ಊಹೆಯ ಮೇಲಣ ಈ ಸೂತ್ರವನ್ನೇ ದಶಕಗಳ ಕಾಲ ಗುಣಿಸುತ್ತಾ ಬಂದರು. ಬ್ರೆಜಿಲ್, ಮೆಕ್ಸಿಕೊಗಳಲ್ಲಿ ಬೇರೆ ದಾರಿ: ಗರ್ಭಪಾತ ಕೆಟ್ಟು ಆಸ್ಪತ್ರೆಗೆ ಬಂದವರನ್ನೆಣಿಸಿ, ಬಾರದವರನ್ನು ಅದರಿಂದ ತರ್ಕಿಸುವುದು.

2015ರ ಭಾರತಕ್ಕಾಗಿ ನಡೆದ ಅಧ್ಯಯನ ಇನ್ನಷ್ಟು ಗಟ್ಟಿ. ತಮಿಳುನಾಡು ಸೇರಿ ಆರು ರಾಜ್ಯಗಳ ಆಸ್ಪತ್ರೆಗಳನ್ನು ಸಮೀಕ್ಷಿಸಿ, ಗುಳಿಗೆಗಳ ಮಾರಾಟವನ್ನೂ ಲೆಕ್ಕಹಾಕಿ ದೇಶಕ್ಕೆ 1 ಕೋಟಿ 56 ಲಕ್ಷವೆಂದು ತೀರ್ಮಾನಿಸಿತು. ಸರಕಾರದ ದಾಖಲೆಯಲ್ಲಿದ್ದುದು ಸುಮಾರು 7 ಲಕ್ಷ! ಆಸ್ಪತ್ರೆಗಳಲ್ಲಿ ಆದವು 34 ಲಕ್ಷ. 1 ಕೋಟಿ 15 ಲಕ್ಷ ಆಸ್ಪತ್ರೆಯ ಹೊರಗೆ ಗುಳಿಗೆ ನುಂಗಿ. ಗುಳಿಗೆಯಿಂದಾದದ್ದೆಲ್ಲ ಅಪಾಯಕರವೆಂದು ಅರ್ಥವಲ್ಲ, ಆದರೆ ರಕ್ತ ನಿಲ್ಲದಿದ್ದರೆ ಕೇಳುವವರಾರು ಎಂಬುದೇ ಪ್ರಶ್ನೆ.

ಈ ಅಖಿಲ ಭಾರತ ಅನುಪಾತವನ್ನು ಬತ್ತಲಗುಂಡಿಗೆ ಹಾಗೆಯೇ ಅನ್ವಯಿಸಲೂ ಬಾರದು. ತಮಿಳುನಾಡಿನ ಔಷಧಿ ಅಂಗಡಿಗಳಲ್ಲಿ ಈ ಗುಳಿಗೆ ಸಿಗುವುದೇ ಅಪರೂಪ. ಹೆಣ್ಣು ಭ್ರೂಣಹತ್ಯೆಯನ್ನು ತಡೆಯುವ ಭರದಲ್ಲಿ ಎಲ್ಲ ಗರ್ಭಪಾತವನ್ನೂ ಸಂಶಯದಿಂದ ನೋಡುವ ಅಧಿಕಾರಿಗಳಿಗೆ ಅಂಗಡಿಯವರು ಹೆದರಿದರೆ ಆಶ್ಚರ್ಯವೇನು? ಅಲ್ಲಿ ಮಾರಾಟದ ಚೀಟಿ ಕಡಿಮೆಯಾದರೆ ಗರ್ಭಪಾತ ಕಡಿಮೆಯಾಯಿತೆನ್ನಲಾಗದು.

ಜಿಲ್ಲಾ ಆರೋಗ್ಯಾಧಿಕಾರಿಗಳು ರಕ್ತಸ್ರಾವ, ನಂಜೆಂದು ದಾಖಲಾದವರ ಸಂಖ್ಯೆಯನ್ನು ಹೆಸರಿಲ್ಲದೆ ವರ್ಷವರ್ಷ ಪ್ರಕಟಿಸಲಿ. ಹೆಂಗಸಿನ ಗುರುತು ಬಯಲು ಮಾಡಿದವರಿಗೆ ಒಂದು ವರ್ಷದ ತನಕ ಸಜೆ ಇದೆಯೆಂಬುದನ್ನು ಆಸ್ಪತ್ರೆಯ ಗೋಡೆಯ ಮೇಲೆ ತಮಿಳಿನ ಜೊತೆಗೆ ಕನ್ನಡದಲ್ಲೂ ಬರೆಸಲಿ.