ಕರೆದ ಬಳಿಕ ಎಣಿಸುವುದೇ?

ಕರಾವಳಿಯ ಕುಟುಂಬಗಳ ವಲಸೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಬೊಂಬಾಯಿಯ ಹೆಸರನ್ನೂ ಆ ಬಳಿಕ ಕುವೈತ್, ಬಹ್ರೈನ್, ದುಬೈಗಳ ಹೆಸರನ್ನೂ ಬರೆಯಬೇಕಾಗುತ್ತದೆ. ಇತ್ತೀಚಿನ ಅಧ್ಯಾಯದಲ್ಲಿ ಕೆನಡಾದ ಟೊರಾಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾ ನಗರಗಳೂ ಸೇರಿಕೊಂಡಿವೆ. ಈ ವಲಸೆಗಳ ನಡುವೆ ಒಂದು ಮುಖ್ಯ ಅಂತರವಿದೆ. ಗಲ್ಫಿಗೆ ಹೋದ ಮಗ ಒಂದು ದಿನ ಮರಳಿ ಬರುವನೆಂಬುದು ಮನೆಯವರಿಗೆಲ್ಲ ತಿಳಿದಿತ್ತು. ಆ ದೇಶಗಳೂ ಬೇರೆ ಭರವಸೆಯನ್ನು ನೀಡಿರಲಿಲ್ಲ. ಆದರೆ ಕೆನಡಾಕ್ಕೆ ಓದಲು ಹೋದ ಮಗಳು ಎರಡು ವರ್ಷ ಕಲಿತು, ಮೂರು ವರ್ಷ ದುಡಿದು, ಅನಂತರ ಅಲ್ಲಿಯ ಖಾಯಂ ನಿವಾಸಿಯಾಗುವಳೆಂಬ ಎಣಿಕೆಯಿಂದಲೇ ನಮ್ಮಲ್ಲಿ ಅನೇಕ ತಂದೆತಾಯಿಗಳು ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕಿದ್ದಾರೆ. ಈ ಎಣಿಕೆಗೆ ಆಧಾರವೇನು, ಆ ದೇಶದ ಸರಕಾರ ತನ್ನ ಎಣಿಕೆಯನ್ನು ಹೇಗೆ ಮಾಡುತ್ತದೆ ಎಂಬುದನ್ನು ವಾಚಕರ ಮುಂದಿಡುವುದು ಈ ವಾರ ಉಚಿತವೆಂದು ನಾವು ಭಾವಿಸುತ್ತೇವೆ.

ಎಷ್ಟು ಮಂದಿ ಪರದೇಶೀಯರಿಗೆ ಖಾಯಂ ವಾಸದ ಹಕ್ಕನ್ನು ನೀಡಬೇಕೆಂಬುದನ್ನು ಮುಂಚಿತವಾಗಿ ನಿರ್ಧರಿಸಿ ಬಹಿರಂಗವಾಗಿ ಸಾರುವ ರಾಷ್ಟ್ರಗಳು ಕೆಲವೇ. ಅವುಗಳಲ್ಲಿ ಕೆನಡಾ ಪ್ರಮುಖವಾದುದು. ಅಲ್ಲಿಯ 1976ರ ವಲಸೆ ಕಾಯಿದೆಯೇ ಪ್ರಾಂತಗಳೊಡನೆ ಸಮಾಲೋಚಿಸಿ ವರ್ಷದ ಸಂಖ್ಯೆಯನ್ನು ಪಾರ್ಲಿಮೆಂಟಿಗೆ ತಿಳಿಸುವ ಹೊಣೆಯನ್ನು ಸಚಿವರಿಗೆ ವಹಿಸಿತ್ತು. 2002ರಲ್ಲಿ ಜಾರಿಗೆ ಬಂದ ಈಗಿನ ಕಾಯಿದೆಯೂ ಅದೇ ಕ್ರಮವನ್ನು ಮುಂದುವರಿಸಿದೆ. ಇದರನ್ವಯ ಪ್ರತಿ ವರ್ಷ ನವೆಂಬರ್ ತಿಂಗಳ ಸುಮಾರಿಗೆ ವಲಸೆ ಸಚಿವರು ವರದಿಯೊಂದನ್ನು ಪಾರ್ಲಿಮೆಂಟಿನಲ್ಲಿ ಮಂಡಿಸುತ್ತಾರೆ. 2017ರಿಂದೀಚೆಗೆ ಮುಂದಿನ ಮೂರು ವರ್ಷಗಳ ಗುರಿಯನ್ನು ಒಟ್ಟಿಗೆ ಪ್ರಕಟಿಸುವ ಪದ್ಧತಿ ನಡೆದುಬಂದಿದೆ.

ಈ ಗುರಿ ಒಂದೇ ಅಂಕೆಯಲ್ಲ. ದುಡಿಮೆಯ ಯೋಗ್ಯತೆಯಿಂದ ಬರುವವರು, ಕುಟುಂಬದವರನ್ನು ಕೂಡಿಕೊಳ್ಳಲು ಬರುವವರು, ನಿರಾಶ್ರಿತರು ಹಾಗೂ ಮಾನವೀಯ ಕಾರಣಗಳಿಂದ ಸ್ವೀಕೃತರಾಗುವವರು ಎಂಬ ವರ್ಗಗಳಿದ್ದು, ಪ್ರತಿಯೊಂದು ವರ್ಗಕ್ಕೂ ಒಂದು ಗುರಿಯನ್ನೂ ಅದರ ಕೆಳಗಿನ ಹಾಗೂ ಮೇಲಿನ ಮಿತಿಗಳನ್ನೂ ನಿಗದಿಪಡಿಸಲಾಗುತ್ತದೆ. ಉದ್ಯಮಗಳ ಬೇಡಿಕೆ, ಪ್ರಾಂತ ಸರಕಾರಗಳ ಅಭಿಪ್ರಾಯ, ಅರ್ಜಿಗಳನ್ನು ಪರಿಶೀಲಿಸುವ ಇಲಾಖೆಯ ಸಾಮರ್ಥ್ಯ, ವಸತಿಯ ಲಭ್ಯತೆ, ಜನಾಭಿಪ್ರಾಯ ಇವೆಲ್ಲವನ್ನೂ ತೂಗಿ ನೋಡಿ ಸಚಿವ ಸಂಪುಟ ಅಂತಿಮ ನಿರ್ಧಾರಕ್ಕೆ ಬರುತ್ತದೆ. ಕ್ವಿಬೆಕ್ ಪ್ರಾಂತವಂತೂ 1991ರ ಒಪ್ಪಂದದ ಪ್ರಕಾರ ತನ್ನಲ್ಲಿಗೆ ಬರುವ ದುಡಿಮೆಗಾರರನ್ನು ತಾನೇ ಆರಿಸಿಕೊಳ್ಳುತ್ತದೆ. ಈ ವ್ಯವಸ್ಥೆಯಲ್ಲಿ ಲೋಪಗಳಿರಬಹುದು. ಆದರೆ ಸಂಖ್ಯೆಯನ್ನು ಜನಪ್ರತಿನಿಧಿಗಳ ಮುಂದಿಟ್ಟು ಅದಕ್ಕೆ ಉತ್ತರದಾಯಿಯಾಗುವ ಪ್ರಾಮಾಣಿಕತೆ ಅದರಲ್ಲಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಇಷ್ಟೆಲ್ಲ ಎಚ್ಚರಿಕೆಯಿದ್ದುದು ಮುಂಬಾಗಿಲಿಗೆ ಮಾತ್ರ. ವಿದ್ಯಾರ್ಥಿಗಳಾಗಿ, ಅವಧಿ ನೌಕರರಾಗಿ ತಾತ್ಕಾಲಿಕ ಪರವಾನಗಿಯ ಮೇಲೆ ಬರುವವರಿಗೆ 2024ರವರೆಗೆ ಇಂಥ ಯಾವ ಗುರಿಯೂ ಇರಲಿಲ್ಲ. ಯಾವ ವಿದ್ಯಾರ್ಥಿ ಬರಬೇಕೆಂಬುದನ್ನು ವಸ್ತುತಃ ಕಾಲೇಜು ನಿರ್ಧರಿಸುತ್ತಿತ್ತು. ಯಾವ ನೌಕರ ಬರಬೇಕೆಂಬುದನ್ನು ಬಹುಮಟ್ಟಿಗೆ ಮಾಲಿಕ ನಿರ್ಧರಿಸುತ್ತಿದ್ದ. ಸರಕಾರ ಅರ್ಜಿಯನ್ನು ಪರಿಶೀಲಿಸುತ್ತಿತ್ತೇ ಹೊರತು ಒಟ್ಟು ಎಷ್ಟಾಯಿತೆಂದು ಮುಂದಾಗಿ ಲೆಕ್ಕ ಹಾಕುತ್ತಿರಲಿಲ್ಲ.

ಹೀಗೆ ಲೆಕ್ಕವಿಲ್ಲದೆ ಕರೆಸಿಕೊಳ್ಳುವುದರಿಂದ ಅನೇಕರಿಗೆ ಲಾಭವಿತ್ತು. ಒಂಟಾರಿಯೊ ಪ್ರಾಂತ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇಕಡಾ 10ರಷ್ಟು ಇಳಿಸಿ ಅಲ್ಲಿಯೇ ಸ್ಥಗಿತಗೊಳಿಸಿತು. ಕಾಲೇಜುಗಳು ತಮ್ಮ ಖರ್ಚನ್ನು ತೂಗಿಸಿಕೊಳ್ಳಲು ಹೊರದೇಶದತ್ತ ಕೈಚಾಚಿದವು. ಆ ಪ್ರಾಂತದ ಲೆಕ್ಕ ಪರಿಶೋಧಕರು 2021ರಲ್ಲಿ ನೀಡಿದ ವರದಿಯ ಪ್ರಕಾರ, ಸರಕಾರಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಪರದೇಶೀಯರು ಶೇಕಡಾ 30 ಮಾತ್ರ; ಆದರೆ ಶುಲ್ಕದ ಆದಾಯದಲ್ಲಿ ಶೇಕಡಾ 68 ಅವರಿಂದಲೇ ಬರುತ್ತಿತ್ತು. ಆ ಪರದೇಶೀಯರಲ್ಲಿ ಶೇಕಡಾ 62 ಮಂದಿ ಭಾರತದವರು. ಅಂದರೆ ಅಲ್ಲಿಯ ಮಕ್ಕಳ ಅಗ್ಗದ ಶಿಕ್ಷಣಕ್ಕೆ ಇಲ್ಲಿಯ ತಂದೆತಾಯಿಗಳ ಸಾಲ ಆಧಾರವಾಗಿತ್ತೆಂದರೆ ಉತ್ಪ್ರೇಕ್ಷೆಯಲ್ಲ. 2022ರ ನವೆಂಬರಿನಲ್ಲಿ ಕೆಲಸಗಾರರ ಅಭಾವ ತಲೆದೋರಿದಾಗ, ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ಮಾತ್ರ ಕಾಲೇಜಿನ ಹೊರಗೆ ದುಡಿಯಬಹುದೆಂಬ ಕಟ್ಟಳೆಯನ್ನೂ ಸರಕಾರ ತಾತ್ಕಾಲಿಕವಾಗಿ ಸಡಿಲಿಸಿತು. ಓದಲು ಬಂದವರು ಹಗಲಿರುಳು ಅಂಗಡಿಗಳಲ್ಲಿ, ಗೋದಾಮುಗಳಲ್ಲಿ ದುಡಿದರು.

ತಾತ್ಕಾಲಿಕವಾಗಿ ಬಂದವನು ಖಾಯಂ ಆಗುವುದು ಸುಲಭವೆಂಬ ನಂಬಿಕೆ ಬೇರೂರಿದ್ದು ಹೇಗೆ? 2021ರಲ್ಲಿ ಕೊರೊನಾದಿಂದ ಗಡಿಗಳು ಮುಚ್ಚಿದ್ದರೂ ಕೆನಡಾ 4 ಲಕ್ಷಕ್ಕೂ ಮಿಕ್ಕಿದ ಖಾಯಂ ನಿವಾಸಿಗಳ ಗುರಿಯನ್ನು ಕೈಬಿಡಲಿಲ್ಲ. ಹೊರಗಿನವರು ಬರುವಂತಿಲ್ಲವಾದ ಕಾರಣ ಆಗಲೇ ಒಳಗಿದ್ದವರಿಂದ ಆ ಸಂಖ್ಯೆಯನ್ನು ಭರ್ತಿ ಮಾಡಲಾಯಿತು. ಅರ್ಜಿದಾರರ ವಯಸ್ಸು, ವಿದ್ಯೆ, ಭಾಷೆ, ಅನುಭವಗಳಿಗೆ ಅಂಕ ನೀಡಿ ಆರಿಸುವ ಪದ್ಧತಿಯಲ್ಲಿ, 2021ರ ಫೆಬ್ರವರಿ 13ರಂದು ಕೇವಲ 75 ಅಂಕ ಪಡೆದವರನ್ನೂ ಆಹ್ವಾನಿಸಲಾಯಿತು. ಅಂದು ಒಂದೇ ದಿನ ಆಹ್ವಾನ ಪಡೆದವರು 27,332 ಮಂದಿ. ಈ ಸುದ್ದಿ ನಮ್ಮೂರಿನ ಏಜೆಂಟರ ಕಚೇರಿಗಳನ್ನು ತಲುಪಲು ತಡವಾಗಲಿಲ್ಲ. ಆದರೆ 2024ರಲ್ಲಿ ಅದೇ ಪದ್ಧತಿಯ ಸಾಮಾನ್ಯ ಸುತ್ತುಗಳಲ್ಲಿ 500ಕ್ಕಿಂತ ಹೆಚ್ಚು ಅಂಕ ಬೇಕಾಯಿತೆಂಬ ಸುದ್ದಿ ಅಷ್ಟೇ ವೇಗದಲ್ಲಿ ಬಂದಿತೆಂದು ಹೇಳಲಾರೆವು.

ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. 2023ರ ಅಂತ್ಯಕ್ಕೆ ಕೆನಡಾದಲ್ಲಿ ವಿದ್ಯಾರ್ಥಿ ಪರವಾನಗಿ ಹೊಂದಿದವರ ಸಂಖ್ಯೆ 10 ಲಕ್ಷವನ್ನು ದಾಟಿತ್ತು. ಅವರಲ್ಲಿ ಹತ್ತಕ್ಕೆ ನಾಲ್ವರು ಭಾರತೀಯರು. 2024ರಲ್ಲಿ ಎಲ್ಲ ಬಗೆಯ ತಾತ್ಕಾಲಿಕ ನಿವಾಸಿಗಳು 30 ಲಕ್ಷ ಮೀರಿ, ಸುಮಾರು 4 ಕೋಟಿ 10 ಲಕ್ಷ ಜನಸಂಖ್ಯೆಯಲ್ಲಿ ಶೇಕಡಾ 7ಕ್ಕಿಂತ ಅಧಿಕವಾದರು. ಮನೆ ಬಾಡಿಗೆ ಏರಿತು. ಒಂದು ನೆಲಮಾಳಿಗೆಯಲ್ಲಿ ಹಲವರು ಹಾಸಿಗೆ ಹಂಚಿಕೊಳ್ಳುವ ಸ್ಥಿತಿಯುಂಟಾಯಿತು. ಮನೆ ಸಿಗದ ಸ್ಥಳೀಯನ ಸಿಟ್ಟು ಶುಲ್ಕ ಪಡೆದ ಕಾಲೇಜಿನ ಮೇಲಾಗಲಿ, ಅಗ್ಗದ ದುಡಿಮೆ ಪಡೆದ ಮಾಲಿಕನ ಮೇಲಾಗಲಿ ತಿರುಗದೆ, ಬಸ್ಸಿಗಾಗಿ ಕಾದುನಿಂತ ಕಂದುಬಣ್ಣದ ವಿದ್ಯಾರ್ಥಿಯ ಮೇಲೆ ತಿರುಗಿತು.

ಸರಕಾರ ಕೊನೆಗೆ ಎಚ್ಚತ್ತಿತು. 2024ರ ಜನವರಿಯಲ್ಲಿ ಹೊಸ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿ, ಅದನ್ನು ಜನಸಂಖ್ಯೆಯ ಆಧಾರದಲ್ಲಿ ಪ್ರಾಂತಗಳಿಗೆ ಹಂಚಲಾಯಿತು. ಮಾರ್ಚಿನಲ್ಲಿ ತಾತ್ಕಾಲಿಕ ನಿವಾಸಿಗಳ ಪ್ರಮಾಣವನ್ನು ಜನಸಂಖ್ಯೆಯ ಶೇಕಡಾ 5ಕ್ಕೆ ಇಳಿಸುವ ಸಂಕಲ್ಪ ಪ್ರಕಟವಾಯಿತು. ಅಕ್ಟೋಬರ್ 24ರಂದು ಹೊರಬಂದ ಯೋಜನೆಯಲ್ಲಿ ಮೊತ್ತಮೊದಲ ಬಾರಿಗೆ ಖಾಯಂ ನಿವಾಸಿಗಳ ಗುರಿಯ ಪಕ್ಕದಲ್ಲಿ ತಾತ್ಕಾಲಿಕ ನಿವಾಸಿಗಳ ಗುರಿಯೂ ಸ್ಥಾನ ಪಡೆಯಿತು. 2025ಕ್ಕೆ 5,00,000 ಎಂದು ಹಿಂದೆ ಸಾರಿದ್ದ ಖಾಯಂ ಗುರಿಯನ್ನು 3,95,000ಕ್ಕೆ ಇಳಿಸಲಾಯಿತು. ಹೊಸದಾಗಿ ಬರುವ ತಾತ್ಕಾಲಿಕರಿಗೆ 6,73,650 ಎಂಬ ಗುರಿಯನ್ನು ಇಡಲಾಯಿತು. ಸಮತೋಲನ ತಪ್ಪಿತ್ತೆಂಬುದನ್ನು ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ ಸ್ವತಃ ಒಪ್ಪಿಕೊಂಡರು.

2025ರ ನವೆಂಬರಿನಲ್ಲಿ ಪ್ರಕಟವಾದ ಯೋಜನೆ ಇನ್ನಷ್ಟು ಬಿಗಿಯಾದುದು. ಅದರಂತೆ 2026ರಿಂದ 2028ರವರೆಗೆ ವರ್ಷಕ್ಕೆ 3,80,000 ಮಂದಿಗೆ ಖಾಯಂ ವಾಸ. 2026ರಲ್ಲಿ ಹೊಸ ತಾತ್ಕಾಲಿಕರ ಗುರಿ 3,85,000. ಇದರಲ್ಲಿ ವಿದ್ಯಾರ್ಥಿಗಳ ಪಾಲು 1,55,000. ಹಿಂದಿನ ಯೋಜನೆ ಅದೇ ವರ್ಷಕ್ಕೆ 3,05,900 ಎಂದು ಹೇಳಿತ್ತು. ಒಂದೇ ವರ್ಷದಲ್ಲಿ ಅಂಕೆ ಅರ್ಧಕ್ಕೆ ಇಳಿಯಿತು. ಶೇಕಡಾ 5ರ ಗುರಿಯನ್ನು ಮುಟ್ಟುವ ಗಡುವು ಮಾತ್ರ 2026ರ ಅಂತ್ಯದಿಂದ 2027ರ ಅಂತ್ಯಕ್ಕೆ ಮುಂದೆ ಹೋಯಿತು.

ಈ ಎರಡು ಸಂಖ್ಯೆಗಳನ್ನು ಜೊತೆಗಿಟ್ಟು ಓದುವುದನ್ನು ನಾವೆಲ್ಲರೂ ಕಲಿಯಬೇಕಾಗಿದೆ. 2025ರ ಖಾಯಂ ಗುರಿಯಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಸ್ಥಾನಗಳು ಆಗಲೇ ದೇಶದೊಳಗಿರುವ ತಾತ್ಕಾಲಿಕರಿಗೆ ದೊರೆಯುವವೆಂದು ಸರಕಾರ ತಿಳಿಸಿತ್ತು. ಅಂದರೆ ಒಂದೂವರೆ ಲಕ್ಷಕ್ಕಿಂತ ತುಸು ಹೆಚ್ಚು. ಆಗ ದೇಶದಲ್ಲಿದ್ದ ತಾತ್ಕಾಲಿಕರು ಸುಮಾರು 30 ಲಕ್ಷ. ಇವರೆಲ್ಲರೂ ಅಲ್ಲಿಯೇ ನೆಲೆಸಬಯಸುವವರಲ್ಲ ನಿಜ. ಮೂರರಲ್ಲಿ ಒಬ್ಬರು ಬಯಸಿದರೆಂದು ಇಟ್ಟುಕೊಂಡರೂ, ಆ ವರ್ಷ ಬಾಗಿಲು ತೆರೆಯುವುದು ಆರು ಜನರಲ್ಲಿ ಒಬ್ಬರಿಗೆ. ಪ್ರಾಂತಗಳ ಶಿಫಾರಸಿನ ಮೂಲಕ ಖಾಯಂ ಆಗುವವರ ಗುರಿ 2024ರಲ್ಲಿ 1,10,000 ಇದ್ದುದು 2025ರಲ್ಲಿ 55,000ಕ್ಕೆ ಇಳಿದು, 2026ಕ್ಕೆ ಪುನಃ 91,500ಕ್ಕೆ ಏರಿದೆ. ಇಂಥ ಏರಿಳಿತದ ಅಂಕೆಯ ಮೇಲೆ ಯಾವ ಕುಟುಂಬ ತನ್ನ ಐದು ವರ್ಷಗಳ ಬಾಳನ್ನು ಲೆಕ್ಕ ಹಾಕಬಲ್ಲದು? 2024ರ ಮೇ ತಿಂಗಳಲ್ಲಿ ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಪ್ರಾಂತದಲ್ಲಿ ಭಾರತೀಯ ಯುವಕರು ಉಪವಾಸ ಕುಳಿತದ್ದು ಇದೇ ಪ್ರಶ್ನೆಯನ್ನು ಮುಂದಿಟ್ಟು. ತಾವು ಬಂದ ಬಳಿಕ ನಿಯಮವನ್ನು ಬದಲಾಯಿಸಿದಿರೆಂಬುದು ಅವರ ಅಹವಾಲಾಗಿತ್ತು.

ಯಾವುದೇ ರಾಷ್ಟ್ರ ತನ್ನಲ್ಲಿಗೆ ಬರುವವರ ಸಂಖ್ಯೆಯನ್ನು ನಿರ್ಧರಿಸುವುದು ಅನ್ಯಾಯವೆಂದು ನಾವು ಹೇಳಲಾರೆವು. ಮನೆ, ಆಸ್ಪತ್ರೆ, ಶಾಲೆಗಳಿಲ್ಲದೆ ಜನರನ್ನು ಕರೆಸಿಕೊಳ್ಳುವುದು ಬಂದವರಿಗೂ ಇದ್ದವರಿಗೂ ಮಾಡುವ ದ್ರೋಹ. ಸಂಖ್ಯೆಯ ಹೆಸರಿನಲ್ಲಿ ಬಣ್ಣವನ್ನು ಎಣಿಸಿದ ಕಾಲವೂ ಇತ್ತೆಂಬುದನ್ನು ಭಾರತೀಯರು ಮರೆತಿಲ್ಲ. 1914ರಲ್ಲಿ 376 ಪ್ರಯಾಣಿಕರೊಡನೆ ವ್ಯಾಂಕೂವರ್ ಬಂದರಿಗೆ ಬಂದ ಕೊಮಗಾಟ ಮಾರು ಹಡಗನ್ನು ಎರಡು ತಿಂಗಳು ಕಾಯಿಸಿ ಹಿಂದಕ್ಕೆ ಅಟ್ಟಲಾಯಿತು. ಸ್ವತಂತ್ರ ಭಾರತಕ್ಕೆ 1951ರಲ್ಲಿ ದೊರೆತ ಪಾಲು ವರ್ಷಕ್ಕೆ ಕೇವಲ 150 ಮಂದಿ. 1967ರಲ್ಲಿ ಅಂಕ ಪದ್ಧತಿ ಬಂದ ಮೇಲೆ ಯೋಗ್ಯತೆಗೆ ಮನ್ನಣೆ ದೊರೆಯಿತು. ಇಂದಿನ ಕಡಿತವನ್ನು ಆ ಹಳೆಯ ದ್ವೇಷಕ್ಕೆ ಹೋಲಿಸುವುದು ಸರಿಯಲ್ಲ. ನಮ್ಮ ಆಕ್ಷೇಪ ಬೇರೆಯದು.

ಎಣಿಸಬೇಕಾದುದು ಕರೆಯುವುದಕ್ಕೆ ಮುನ್ನ. ಕರೆದು, ಶುಲ್ಕ ಪಡೆದು, ದುಡಿಸಿಕೊಂಡ ಬಳಿಕವಲ್ಲ. ಔತಣಕ್ಕೆ ಊರನ್ನೆಲ್ಲ ಕರೆದ ಯಜಮಾನ, ಅತಿಥಿಗಳು ಪಂಕ್ತಿಯಲ್ಲಿ ಕುಳಿತ ಮೇಲೆ ಎಲೆಗಳನ್ನು ಎಣಿಸತೊಡಗಿದರೆ ತಪ್ಪು ಅತಿಥಿಯದಲ್ಲ. ಹೊಸಬರಿಗೆ ಬಾಗಿಲನ್ನು ಕಿರಿದುಗೊಳಿಸುವುದು ನೀತಿ. ಒಳಗಿರುವವರಿಗೆ ಅವರು ಬಂದ ದಿನದ ನಿಯಮಗಳನ್ನು ಉಳಿಸಿಕೊಡುವುದು ನ್ಯಾಯ. 2026 ಹಾಗೂ 2027ರಲ್ಲಿ 33,000 ಮಂದಿ ಅವಧಿ ನೌಕರರನ್ನು ತ್ವರಿತವಾಗಿ ಖಾಯಂಗೊಳಿಸುವುದಾಗಿ ಹೊಸ ಯೋಜನೆ ಹೇಳಿದೆ. ಇದು ಸ್ವಾಗತಾರ್ಹ. ಆದರೆ ಕಾದು ನಿಂತವರ ಸಾಲಿಗೆ ಹೋಲಿಸಿದರೆ ಅದು ತೀರಾ ಚಿಕ್ಕ ಹೆಜ್ಜೆ.

ನಮ್ಮ ಹೊಣೆಯೂ ಇಲ್ಲದಿಲ್ಲ. ವಿದ್ಯಾರ್ಥಿ ಪರವಾನಗಿಯ ಯಾವ ಸಾಲಿನಲ್ಲೂ ಖಾಯಂ ವಾಸದ ಭರವಸೆ ಬರೆದಿರಲಿಲ್ಲ. ಅದನ್ನು ನಮಗೆ ಓದಿ ಹೇಳಿದವರು ಏಜೆಂಟರು, ನಂಬಿದವರು ನಾವು. ಮಕ್ಕಳನ್ನು ಕಳುಹಿಸಬೇಡಿ ಎಂದು ಹೇಳುವ ಇರಾದೆ ನಮಗಿಲ್ಲ. ಒಳ್ಳೆಯ ವಿದ್ಯೆ ಎಲ್ಲಿದ್ದರೂ ಅರಸಿ ಹೋಗತಕ್ಕದ್ದೇ. ಆದರೆ ಹೊರಡುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಖಾಯಂ ವಾಸ ದೊರೆಯದೆ ಮರಳಿ ಬಂದರೂ ಈ ಓದಿಗೆ ಬೆಲೆಯಿದೆಯೇ, ಈ ಸಾಲವನ್ನು ತೀರಿಸಲು ಸಾಧ್ಯವೇ? ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ಹೊರಡಬಹುದು. ಇಲ್ಲವೆಂದಾದರೆ ಏಜೆಂಟನ ಮಾತಿಗಿಂತ ನವೆಂಬರಿನ ಆ ವರದಿಯನ್ನು ನಂಬುವುದು ಲೇಸು.

ಇನ್ನೊಂದು ಮಾತು. ಮರಳಿ ಬಂದ ಮಗನನ್ನು, ಮಗಳನ್ನು ಸೋತವರೆಂದು ಕಾಣುವ ಕಣ್ಣು ನಮ್ಮ ನೆರೆಕರೆಯಲ್ಲಿ ಇನ್ನೂ ಇದೆ. ದೂರದ ಸಚಿವಾಲಯವೊಂದು ತನ್ನ ಅಂಕೆಯನ್ನು ತಿದ್ದಿಕೊಂಡದ್ದು ಆ ಮಕ್ಕಳ ಸೋಲಲ್ಲ. ಹೋಗುವಾಗ ಬಸ್ ನಿಲ್ದಾಣಕ್ಕೂ ವಿಮಾನ ನಿಲ್ದಾಣಕ್ಕೂ ಬಂದು ಬೀಳ್ಕೊಟ್ಟವರು, ಬರುವಾಗಲೂ ಅಷ್ಟೇ ಜನ ಬಂದು ನಿಲ್ಲಲಿ. ಯಾವ ಸರಕಾರದ ಗುರಿಯೂ ಮಿತಿಗೊಳಿಸಲಾಗದ ಸ್ವಾಗತವೊಂದು ತಾಯ್ಮನೆಯಲ್ಲಿ ಅವರಿಗೆ ದೊರೆಯಲಿ ಎಂದು ನಾವು ಹಾರೈಸುತ್ತೇವೆ.